ಅವರಿಗೆ ಮರೆವು, ನಮಗೆ ನೋವು

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆರೋಗ್ಯ ವಿಭಾಗದ ಕಾರ್ಯಕರ್ತೆಯರು ನೀಡಿದ ಮಾಹಿತಿಯ ಬರಹರೂಪ)



ಸಂಘದ ಸಭೆಯಲ್ಲಿ ನಾವು ಉಳಿತಾಯ, ಸಾಲ, ಮರುಪಾವತಿ ಬಗ್ಗೆ ಮಾತಾಡ್ತೇವೆ. ಆರೋಗ್ಯ ಅಂದ್ರೆ ರಕ್ತಹೀನತೆ, ಗರ್ಭಕೋಶದ ತೊಂದರೆ, ಸಕ್ಕರೆ ಕಾಯಿಲೆ, ಮಕ್ಕಳ ಚುಚ್ಚುಮದ್ದು. ಇವತ್ತಿನ ವಿಷಯ ಸ್ವಲ್ಪ ಬೇರೆ. ಗಂಡನಿಗೆ ಮರೆವಿನ ಕಾಯಿಲೆ ಬಂದಾಗ ಹಗಲು ರಾತ್ರಿ ಅವರನ್ನು ನೋಡಿಕೊಳ್ಳುವ ಹೆಂಡತಿಯ ಮನಸ್ಸಿಗೆ ಏನಾಗುತ್ತದೆ, ಅದನ್ನು ಅವಳು ಹೇಗೆ ತಡೆದುಕೊಳ್ಳಬೇಕು, ಸಂಘದವರು ಏನು ಮಾಡಬಹುದು ಎಂಬುದು. ರೋಗಿಯ ವಿಷಯ ಡಾಕ್ಟರು ಹೇಳುತ್ತಾರೆ. ನೋಡಿಕೊಳ್ಳುವವಳನ್ನು “ನೀನು ಹೇಗಿದ್ದೀಯಮ್ಮಾ?” ಅಂತ ಕೇಳುವವರು ಬಹಳ ಕಡಿಮೆ.

ನಮ್ಮ ಕಡೆ ಒಂದು ಮಾತಿದೆ, ಅರವತ್ತಕ್ಕೆ ಅರಳು ಮರಳು ಅಂತ. ಈ ಮಾತಿನಿಂದ ಆಗಿರುವ ತೊಂದರೆ ಅಷ್ಟಿಷ್ಟಲ್ಲ. ವಯಸ್ಸಾದ ಮೇಲೆ ಕನ್ನಡಕ ಎಲ್ಲಿಟ್ಟೆ ಅಂತ ಮರೆಯುವುದು ಸಹಜ. ಆದರೆ ಕನ್ನಡಕ ಕೈಯಲ್ಲಿ ಹಿಡಿದು ಇದು ಏನಕ್ಕೆ ಅಂತ ಕೇಳಿದರೆ ಅದು ಕಾಯಿಲೆ. ದಿನಾ ಹೋಗಿ ಬರುತ್ತಿದ್ದ ಡೇರಿಯಿಂದ ಮನೆಗೆ ದಾರಿ ತಪ್ಪುವುದು, ಊಟ ಮಾಡಿ ಕೈ ತೊಳೆದ ಕೂಡಲೇ “ಇನ್ನೂ ಊಟ ಹಾಕಿಲ್ಲ” ಅನ್ನುವುದು, ಅಂಗಿ ಮೇಲೆ ಅಂಗಿ ಹಾಕಿಕೊಳ್ಳುವುದು, ಲೆಕ್ಕದಲ್ಲಿ ಹುಷಾರಾಗಿದ್ದವರು ಚಿಲ್ಲರೆ ಎಣಿಸಲು ಒದ್ದಾಡುವುದು, ಇವೆಲ್ಲ ವಯಸ್ಸಿನ ಆಟ ಅಲ್ಲ. ಮೆದುಳಿನ ಜೀವಕೋಶಗಳು ಮೆಲ್ಲಮೆಲ್ಲನೆ ಸಾಯುವುದರಿಂದ ಹೀಗಾಗುತ್ತದೆ. ಇಂಥ ಕಾಯಿಲೆಗಳಿಗೆಲ್ಲ ಸೇರಿ ಡಿಮೆನ್ಶಿಯಾ ಎಂದು ಹೆಸರು. ಅವುಗಳಲ್ಲಿ ಹೆಚ್ಚಿನದು ಅಲ್ಝೈಮರ್ಸ್. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 60 ವರ್ಷ ದಾಟಿದ 100 ಜನರಲ್ಲಿ ಸುಮಾರು 7 ಜನರಿಗೆ ಡಿಮೆನ್ಶಿಯಾ ಇದೆ. ಒಟ್ಟು ಲೆಕ್ಕ ಸುಮಾರು 88 ಲಕ್ಷ. ಅಂದ ಮೇಲೆ ಇಲ್ಲಿ ಕೂತಿರುವ ನಮ್ಮೊಳಗೂ ಕೆಲವರ ಮನೆಯಲ್ಲಿ ಇದ್ದೇ ಇರುತ್ತದೆ. ಹೇಳಿಕೊಂಡಿರುವುದಿಲ್ಲ, ಅಷ್ಟೆ.

ಮೊದಲು ಒಮ್ಮೆ ಡಾಕ್ಟರಿಗೆ ತೋರಿಸಲೇಬೇಕು. ಯಾಕೆಂದರೆ ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ. ಅದನ್ನು ಔಷಧಿಯಿಂದ ಸರಿಪಡಿಸಬಹುದು. ಅಲ್ಝೈಮರ್ಸ್ ಆದರೆ ಪೂರ್ತಿ ಗುಣ ಮಾಡುವ ಮದ್ದು ಇಲ್ಲ. ಕೆಲವರಿಗೆ ಮಾತ್ರೆಯಿಂದ ಸ್ವಲ್ಪ ಕಾಲ ಸುಧಾರಣೆ ಕಾಣುತ್ತದೆ. ಗುಣ ಮಾಡ್ತೇವೆ ಅಂತ ಸಾವಿರಗಟ್ಟಲೆ ಕೇಳುವವರ ಹಿಂದೆ ಸಂಘದ ಸಾಲ ತೆಗೆದು ಹೋಗಬೇಡಿ. ಈ ಕಾಯಿಲೆ ವರ್ಷಗಟ್ಟಲೆ ನಡೆಯುತ್ತದೆ. ಎಂಟು, ಹತ್ತು ವರ್ಷ ಆದವರೂ ಇದ್ದಾರೆ. ಇದು ಓಟ ಅಲ್ಲ, ತಲೆಹೊರೆ ಹೊತ್ತು ಘಾಟಿ ಹತ್ತುವ ಕೆಲಸ. ನಡುನಡುವೆ ಹೊರೆ ಇಳಿಸದೆ ಯಾರಿಂದಲೂ ಆಗುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ.

ಮನೆ ಭೇಟಿಗೆ ಹೋದಾಗ ಒಬ್ಬ ಸಹೋದರಿ ನಮಗೆ ಹೇಳಿದ ಮಾತಿದು: “ಗಂಡ ಸತ್ತವಳಿಗೆ ಊರೇ ಬಂದು ಸಮಾಧಾನ ಹೇಳುತ್ತೆ. ನನ್ನ ಗಂಡ ಜಗಲಿಯಲ್ಲೇ ಕೂತಿದ್ದಾರೆ. ನಾನು ಯಾರ ಹತ್ರ ಅಳಲಿ?” ಇದಕ್ಕಿಂತ ಸರಿಯಾಗಿ ನಾವು ವಿವರಿಸಲಾರೆವು. ಸಾವಾದ ಮನೆಗೆ ನೆಂಟರು ಬರುತ್ತಾರೆ, ಪಕ್ಕದ ಮನೆಯಿಂದ ಗಂಜಿ ಬರುತ್ತದೆ, ಅಳುವುದಕ್ಕೆ ದಿನಗಳಿರುತ್ತವೆ, ಆಮೇಲೆ ಕಣ್ಣೊರೆಸಿಕೊಂಡು ಏಳುವುದಕ್ಕೂ ಒಂದು ದಿನ ಇರುತ್ತದೆ. ಮರೆವಿನ ಕಾಯಿಲೆಯಲ್ಲಿ ಇದೊಂದೂ ಇಲ್ಲ. ಗದ್ದೆಗೆ ಯಾವ ಬೀಜ ಹಾಕಬೇಕು, ಮಗಳ ಮದುವೆ ಎಲ್ಲಿ ಮಾಡಬೇಕು ಅಂತ ಜೊತೆಗೆ ಕೂತು ತೀರ್ಮಾನ ಮಾಡುತ್ತಿದ್ದ ಮನುಷ್ಯ ಇಲ್ಲವಾಗಿದ್ದಾರೆ. ಆದರೆ ಅದೇ ಮುಖ, ಅದೇ ಸ್ವರ ಎದುರಿಗಿದೆ. ಒಂದು ದಿನ ಬೆಳಿಗ್ಗೆ ಕಾಫಿ ಕೊಟ್ಟಾಗ “ನೀವು ಯಾರ ಮನೆಯವರು?” ಅಂತ ಮರ್ಯಾದೆಯಿಂದಲೇ ಕೇಳುತ್ತಾರೆ.

ಅಮೆರಿಕದ ಪೌಲೀನ್ ಬಾಸ್ ಎಂಬ ಕುಟುಂಬ ಸಲಹೆಗಾರ್ತಿ 1970ರ ದಶಕದಿಂದಲೂ ಈ ತರದ ದುಃಖದ ಬಗ್ಗೆ ಕೆಲಸ ಮಾಡಿದವರು. ಯುದ್ಧದಲ್ಲಿ ಕಾಣೆಯಾದವರ ಮನೆಯವರಿಗೂ, ಮರೆವಿನ ಕಾಯಿಲೆಯವರ ಮನೆಯವರಿಗೂ ಒಂದೇ ಬಗೆಯ ನೋವು ಇರುತ್ತದೆ ಎಂದು ಅವರು ತೋರಿಸಿದರು. ಹೋದರೆಂದು ಹೇಳುವಂತಿಲ್ಲ, ಇದ್ದಾರೆಂದು ಹೇಳುವಂತಿಲ್ಲ. ಇತ್ಯರ್ಥವಾಗದ ಅಗಲಿಕೆ ಅನ್ನೋಣ. ನಿಮಗೆ ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಯಾವ ಕೆಲಸಕ್ಕೂ ಕೈ ಏಳದಿದ್ದರೆ, ಅದು ಸೋಮಾರಿತನ ಅಲ್ಲ, ತಲೆ ಕೆಟ್ಟಿದ್ದೂ ಅಲ್ಲ. ದುಃಖ ಅದು. ಹೆಸರಿಟ್ಟು ಕರೆದರೆ ಸ್ವಲ್ಪ ಹಗುರವಾಗುತ್ತದೆ. “ನನ್ನ ಗಂಡ ಇದ್ದಾರೆ, ಆದ್ರೂ ನಾನು ಅವರನ್ನು ಕಳ್ಕೊಳ್ತಾ ಇದ್ದೇನೆ” ಎಂದು ನಂಬಿಕೆಯ ಒಬ್ಬರ ಹತ್ತಿರವಾದರೂ ಬಾಯಿಬಿಟ್ಟು ಹೇಳಿ.

ದುಃಖದ ಜೊತೆಗೇ ಸಿಟ್ಟು ಬರುತ್ತದೆ. ಒಂದೇ ಪ್ರಶ್ನೆಯನ್ನು ಒಂದು ಬೆಳಿಗ್ಗೆಯಲ್ಲಿ ಮೂವತ್ತು ಸಲ ಕೇಳಿದರೆ ಯಾರಿಗೆ ಬರಲ್ಲ ಹೇಳಿ? ಇಲ್ಲಿ ನಾವು ಕಂಡುಕೊಂಡದ್ದು ಏನೆಂದರೆ, ಅವರನ್ನು ಸರಿಪಡಿಸಲು ಹೋದಷ್ಟೂ ನಮ್ಮ ಸಿಟ್ಟು ಏರುತ್ತದೆ. “ಅಮ್ಮ ಎಲ್ಲಿ?” ಅಂತ ಕೇಳುತ್ತಾರೆ. ಅಮ್ಮ ತೀರಿ ಇಪ್ಪತ್ತು ವರ್ಷ ಆಗಿರುತ್ತದೆ. “ಸತ್ತು ಎಷ್ಟು ಕಾಲವಾಯ್ತು, ಮರೆತ್ರಾ?” ಅಂದರೆ ಅವರಿಗೆ ಅದು ಅವತ್ತೇ ಬಂದ ಸಾವಿನ ಸುದ್ದಿ. ಅಳುತ್ತಾರೆ. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳುತ್ತಾರೆ, ಮತ್ತೆ ಅಳುತ್ತಾರೆ. ಅದರ ಬದಲು “ಅಮ್ಮನ ನೆನಪಾಯ್ತಾ? ಅಮ್ಮ ಏನು ಅಡಿಗೆ ಚೆನ್ನಾಗಿ ಮಾಡ್ತಿದ್ರು?” ಅಂತ ಕೇಳಿ ನೋಡಿ. ಮಾತು ಬೇರೆ ದಾರಿ ಹಿಡಿಯುತ್ತದೆ. ಇದು ಸುಳ್ಳು ಹೇಳಿದ ಹಾಗಲ್ವಾ ಅಂತ ಕೆಲವರು ಕೇಳಿದ್ದಾರೆ. ಸುಳ್ಳು ಎಲ್ಲಿ ಬಂತು? ಅವರು ಕೇಳುತ್ತಿರುವುದು ವಿಳಾಸ ಅಲ್ಲ, ಅಮ್ಮನನ್ನು.

ಇನ್ನೊಂದು ಸಂಗತಿ ಗೊತ್ತಿರಲಿ. ನಡೆದ ಘಟನೆ ಅವರಿಗೆ ಮರೆತುಹೋಗುತ್ತದೆ, ಅದರ ಭಾವನೆ ಮಾತ್ರ ಸ್ವಲ್ಪ ಹೊತ್ತು ಉಳಿಯುತ್ತದೆ. ನೀವು ಬೈದದ್ದು ಮರೆತಿರುತ್ತಾರೆ, ಆದರೆ ಸಂಜೆಯವರೆಗೂ ಮುಖ ಬಾಡಿರುತ್ತದೆ. ಹಾಗೆಯೇ ನೀವು ಪಕ್ಕದಲ್ಲಿ ಕೂತು ಅವರಿಗೆ ಗೊತ್ತಿರುವ ಹಳೇ ಹಾಡು ಹೇಳಿದರೆ, ಹಾಡಿದ್ದು ನೆನಪಿರಲ್ಲ, ಸಮಾಧಾನ ಉಳಿದಿರುತ್ತದೆ. ಹೆಂಡತಿಯ ಹೆಸರು ಮರೆತವರೂ ಹಾಡಿನ ಸಾಲಿಗೆ ಸಾಲು ಸೇರಿಸುತ್ತಾರೆ.

ಸಂಶಯದ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಹೆಂಗಸರನ್ನು ಒಳಗೊಳಗೇ ಸುಡುವುದು ಇದೇ. “ನನ್ನ ದುಡ್ಡು ಕದ್ದೆ” ಅನ್ನುವುದನ್ನಾದರೂ ತಡೆದುಕೊಳ್ಳಬಹುದು. “ರಾತ್ರಿ ಯಾರು ಬಂದಿದ್ರು?” ಅಂತ ನಲವತ್ತು ವರ್ಷ ಸಂಸಾರ ಮಾಡಿದವರು ನೆರೆಯವರ ಎದುರು ಕೂಗಿದರೆ? ಸಹೋದರಿಯರೇ, ಈ ಕಾಯಿಲೆಗೆ ಹೆಸರು ಬಂದದ್ದು ಜರ್ಮನಿಯ ಡಾಕ್ಟರ್ ಅಲೋಯ್ಸ್ ಅಲ್ಝೈಮರ್ ಅವರಿಂದ. ಅವರು ಮೊದಲು ವಿವರವಾಗಿ ಬರೆದಿಟ್ಟದ್ದು ಔಗುಸ್ಟೆ ಎಂಬ ಹೆಂಗಸಿನ ಕಾಯಿಲೆಯನ್ನು. 1901ರಲ್ಲಿ ಫ್ರಾಂಕ್‌ಫರ್ಟ್ ಊರಿನ ಆಸ್ಪತ್ರೆಗೆ ಅವಳನ್ನು ಸೇರಿಸಿದಾಗ ಅವಳಿಗೆ 51 ವರ್ಷ. ಗಂಡ ರೈಲ್ವೆಯಲ್ಲಿ ಗುಮಾಸ್ತ. ಅವಳಲ್ಲಿ ಕಾಣಿಸಿಕೊಂಡ ಮೊದಲನೇ ಲಕ್ಷಣ ಮರೆವು ಅಲ್ಲ, ಗಂಡನ ಮೇಲೆ ಸಂಶಯ! ನೂರಿಪ್ಪತ್ತು ವರ್ಷದ ಹಿಂದೆ, ಬೇರೆ ದೇಶದಲ್ಲಿ, ಬೇರೆ ಜನರಲ್ಲಿ, ಹೆಂಗಸಿನಿಂದ ಗಂಡಸಿನ ಮೇಲೆ. ಅಂದ ಮೇಲೆ ಇದು ನಿಮ್ಮ ನಡತೆಯ ಪ್ರಶ್ನೆಯೇ ಅಲ್ಲ, ನಿಮ್ಮ ಗಂಡನ ಮನಸ್ಸಿನಲ್ಲಿ ಬಚ್ಚಿಟ್ಟಿದ್ದ ಗುಟ್ಟೂ ಅಲ್ಲ. ಮೆದುಳಿನ ಕಾಯಿಲೆ ಆಡಿಸುವ ಮಾತು. ವಾದ ಮಾಡಬೇಡಿ, ಆಣೆ ಪ್ರಮಾಣಕ್ಕೆ ಹೋಗಬೇಡಿ. ಅಕ್ಕಪಕ್ಕದ ಎರಡು ಮನೆಯವರಿಗೆ ಮೊದಲೇ ಕರೆದು ಹೇಳಿಬಿಡಿ: “ಇವರಿಗೆ ಹೀಗೊಂದು ಕಾಯಿಲೆ. ಏನೇನೋ ಕೂಗ್ತಾರೆ. ನೀವು ಗಾಬರಿ ಆಗ್ಬೇಡಿ.” ಬಚ್ಚಿಡಲು ನೀವು ಪಡುವ ಕಷ್ಟ ಇದ್ದಲ್ಲ, ಅದೇ ಅರ್ಧ ಭಾರ.

ಸಿಟ್ಟು ಕೈಗೆ ಬರುವ ಹೊತ್ತೂ ಇರುತ್ತದೆ. ಒಲೆ ಆರಿಸಿ, ಅವರು ಬೀಳದಂತೆ ಕೂರಿಸಿ, ಐದು ನಿಮಿಷ ಅಂಗಳಕ್ಕೆ ಹೋಗಿ. ಮುಖ ತೊಳೆಯಿರಿ. ಯಾರಿಗಾದರೂ ಫೋನ್ ಮಾಡಿ. ಹೊಡೆಯುವುದು, ಕಟ್ಟಿಹಾಕುವುದು, ದಿನವಿಡೀ ಕೋಣೆಯಲ್ಲಿ ಕೂಡಿಹಾಕುವುದು ಮಾಡಲೇಬಾರದು. ಆ ಹಂತಕ್ಕೆ ಬಂದಿದ್ದರೆ ನೀವು ಕೆಟ್ಟವರು ಅಂತ ಅರ್ಥವಲ್ಲ. ಒಬ್ಬರಿಂದ ಆಗುವ ಕೆಲಸದ ಮಿತಿ ದಾಟಿದೆ, ಸಹಾಯ ಇವತ್ತೇ ಬೇಕು ಅಂತ ಅರ್ಥ. ಹಾಗೆಯೇ ಅವರು ಕೈ ಎತ್ತುತ್ತಿದ್ದರೆ “ಕಾಯಿಲೆಯವರಲ್ವಾ” ಅಂತ ಸಹಿಸಿಕೊಂಡು ಕೂರಬೇಡಿ. ದೂರ ಸರಿಯಿರಿ, ಕತ್ತಿ ದೊಣ್ಣೆ ಕೈಗೆ ಸಿಗದ ಹಾಗೆ ಇಡಿ, ಡಾಕ್ಟರಿಗೆ ಹೇಳಿ. ಎಷ್ಟೋ ಸಲ ಮೂತ್ರದ ಸೋಂಕು, ಮಲಬದ್ಧತೆ, ಹಲ್ಲುನೋವು ಇಂಥದ್ದನ್ನು ಹೇಳಲು ಬಾರದೆ ಅವರು ಕೆರಳಿರುತ್ತಾರೆ. ನಿದ್ದೆ ಮಾತ್ರೆಯನ್ನು ನಾವೇ ಅಂಗಡಿಯಿಂದ ತಂದು ಕೊಡುವುದು ಅಪಾಯ.

ಇನ್ನು ಯಾರೂ ಸಭೆಯಲ್ಲಿ ಎತ್ತದ ಒಂದು ವಿಷಯವಿದೆ. ಎಲ್ಲ ಗಂಡಂದಿರೂ ಒಳ್ಳೆಯವರಾಗಿರಲಿಲ್ಲ. ಕುಡಿದು ಬಂದು ಹೊಡೆದವರಿದ್ದಾರೆ. ಹೆಂಡತಿಯ ಓಲೆ ಅಡ ಇಟ್ಟವರಿದ್ದಾರೆ. ಈಗ ಅವರಿಗೆ ಏನೂ ನೆನಪಿಲ್ಲ, ಹೆಂಡತಿಗೆ ಎಲ್ಲ ನೆನಪಿದೆ. ಅದೇ ಕೈಯಿಂದ ಅವರ ಬಟ್ಟೆ ಬದಲಾಯಿಸಬೇಕು, ತುತ್ತು ತಿನ್ನಿಸಬೇಕು. “ಗಂಡ ಮಗುವಾದ, ನೀನು ತಾಯಿಯಾದೆ, ನೀನು ಸತಿ ಸಾವಿತ್ರಿ” ಅಂತ ಊರಿನವರು ಹೊಗಳುತ್ತಾರೆ. ಈ ಹೊಗಳಿಕೆ ನಮಗೆ ಇಷ್ಟವಿಲ್ಲ. ಅದು ಅವಳ ಬಾಯಿಗೆ ಬೀಗ ಹಾಕುತ್ತದೆ. ಸಾವಿತ್ರಿ ಆದವಳು ಸಾಕಾಯ್ತು ಅನ್ನುವ ಹಾಗಿಲ್ಲವಲ್ಲ!

ಇಂಥ ಸಹೋದರಿಯರಿಗೆ ನಾವು ಹೇಳುವುದು ಇಷ್ಟೆ. ಪ್ರೀತಿ ಉಕ್ಕದಿದ್ದರೂ ಆರೈಕೆ ಮಾಡಬಹುದು. ಅವರಿಗೆ ಹೊತ್ತಿಗೆ ಊಟ, ಒಣಗಿದ ಬಟ್ಟೆ, ಬೆದರಿಕೆ ಇಲ್ಲದ ಮಾತು ಸಿಕ್ಕಿದರೆ ಅದು ಪೂರ್ತಿ ಆರೈಕೆಯೇ. ಹಳೆಯದನ್ನು ಕ್ಷಮಿಸಿದ್ದೇನೆ ಅಂತ ಬಲವಂತದಿಂದ ಹೇಳಿಕೊಳ್ಳಬೇಕಿಲ್ಲ. ಅವರು ಮರೆತರೆಂದು ನೀವೂ ಮರೆಯಬೇಕಾಗಿಲ್ಲ. ಆದರೆ ಆ ಹಳೇ ಲೆಕ್ಕವನ್ನು ಈಗ ಅವರ ಹತ್ತಿರ ಚುಕ್ತಾ ಮಾಡಲು ಆಗುವುದಿಲ್ಲ. ಲೆಕ್ಕ ಕೊಡಬೇಕಾದ ಮನುಷ್ಯ ಅಲ್ಲಿಲ್ಲ. ಅದನ್ನು ಗೆಳತಿಯ ಹತ್ತಿರ, ಸಲಹೆಗಾರರ ಹತ್ತಿರ ಹೇಳಿಕೊಂಡೇ ಹಗುರಾಗಬೇಕು. ಒಬ್ಬಳಿಂದ ಆಗುವುದೇ ಇಲ್ಲ ಅಂದಾಗ ಮಕ್ಕಳಿಗೆ, ಮೈದುನರಿಗೆ ಸ್ಪಷ್ಟವಾಗಿ ಹೇಳುವ ಹಕ್ಕೂ ನಿಮಗಿದೆ.

“ಇವರು ಬೇಗ ಹೋಗಿಬಿಟ್ಟರೆ ಸಾಕು” ಎಂಬ ಯೋಚನೆ ಬಂದು ಬೆಚ್ಚಿಬಿದ್ದವರೂ ಇದ್ದಾರೆ. ಬಹಳ ಕಾಲ ಸೇವೆ ಮಾಡಿದ ಎಷ್ಟೋ ಜನರಿಗೆ ಒಮ್ಮೆಯಾದರೂ ಇದು ಬಂದಿರುತ್ತದೆ. ಯೋಚನೆ ಬಂದ ಮಾತ್ರಕ್ಕೆ ನೀವು ಕೆಡುಕು ಮಾಡಿದ ಹಾಗಲ್ಲ. ದಣಿದ ಜೀವ ಬಿಡುವು ಕೇಳುವ ರೀತಿ ಅದು. ಆದರೆ “ನಾನೇ ಹೋಗಿಬಿಡಬೇಕು” ಅನಿಸತೊಡಗಿದರೆ ಒಂದು ದಿನವೂ ತಡ ಮಾಡಬೇಡಿ. 14416 ಎಂಬುದು ಟೆಲಿ ಮಾನಸ್ ಸಹಾಯವಾಣಿ, ಸರಕಾರದ್ದು, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಹಿರಿಯರಿಗೆ ಸಂಬಂಧಪಟ್ಟ ಬೇರೆ ಸಹಾಯಕ್ಕೆ 14567. ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ರೋಗ ವಿಭಾಗ ಇದೆ. ದೊಡ್ಡ ತಪಾಸಣೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಹಗಲು ಹೊತ್ತು ರೋಗಿಗಳನ್ನು ನೋಡಿಕೊಳ್ಳುವ ಕೇಂದ್ರಗಳು ಬೆಂಗಳೂರಿನಂಥ ಊರಲ್ಲಿ ಇವೆ, ನಮ್ಮ ಹಳ್ಳಿಗಳಲ್ಲಿ ಇಲ್ಲ. ಹಾಗಾಗಿ ಹಳ್ಳಿಯಲ್ಲಿ ಆ ಕೆಲಸ ಯಾರು ಮಾಡಬೇಕು?

ಸಂಘವೇ ಮಾಡಬೇಕು. ಇಲ್ಲಿ ನೇರವಾಗಿ ಒಂದು ಮಾತು. ಸಭೆಗೆ ಬರದವರಿಗೆ ದಂಡ ಹಾಕುವ ನಿಯಮ ನಮ್ಮ ಹೆಚ್ಚಿನ ಸಂಘಗಳಲ್ಲಿ ಇದೆ. ನಿಯಮ ಬೇಕು, ಸರಿ. ಆದರೆ ಗಂಡನನ್ನು ಒಬ್ಬರೇ ಬಿಟ್ಟು ಬರಲಾರದೆ ನಾಲ್ಕು ವಾರ ತಪ್ಪಿಸಿಕೊಂಡವಳು, ಐದನೇ ವಾರ ದಂಡ ಕಟ್ಟಲು ನಾಚಿ ಸಂಘವನ್ನೇ ಬಿಡುತ್ತಾಳೆ. ಅವಳಿಗೆ ವಾರಕ್ಕೊಮ್ಮೆ ನಾಲ್ಕು ಜನರ ಮುಖ ಕಾಣುವ ಜಾಗ ಇದೊಂದೇ ಇತ್ತು. ಇಂಥ ಸದಸ್ಯೆಗೆ ದಂಡ ಇಲ್ಲ ಎಂದು ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಆದರೆ ವಿನಾಯಿತಿ ಕೊಟ್ಟು ಕೈತೊಳೆದುಕೊಂಡರೆ ಅವಳು ಮನೆಯಲ್ಲೇ ಉಳಿಯುತ್ತಾಳೆ. ಆದ್ದರಿಂದ ಸಭೆಯನ್ನು ತಿಂಗಳಿಗೊಮ್ಮೆ ಅವಳ ಜಗಲಿಯಲ್ಲೇ ಇಡಿ. ಅಥವಾ ಸಭೆಯ ದಿನ ಇಬ್ಬರು ಹೋಗಿ, ಒಬ್ಬರು ಅವರ ಹತ್ತಿರ ಕೂರಲಿ, ಇನ್ನೊಬ್ಬರು ಅವಳನ್ನು ಕರೆದುಕೊಂಡು ಬರಲಿ. ಹತ್ತು ಹದಿನೈದು ಜನರ ಸಂಘದಲ್ಲಿ ವಾರಕ್ಕೆ ಎರಡು ಗಂಟೆ ಹಂಚಿಕೊಂಡರೆ ಒಬ್ಬೊಬ್ಬರ ಪಾಳಿ ತಿಂಗಳುಗಳಿಗೊಮ್ಮೆ ಬರುತ್ತದೆ.

ಹೋದವರು ಬುದ್ಧಿ ಹೇಳಬೇಡಿ. “ಪೂರ್ವಜನ್ಮದ ಕರ್ಮ” ಬೇಡ, “ನನ್ನ ಚಿಕ್ಕಪ್ಪನಿಗೆ ಆ ನಾಟಿ ಔಷಧಿ” ಬೇಡ. ಅವರಿಗೆ ಕೈಗೊಂದು ಕೆಲಸ ಕೊಡಿ. ಅವರೆಕಾಯಿ ಬಿಡಿಸುವುದು, ಬಟ್ಟೆ ಮಡಿಸುವುದು, ಅಡಿಕೆ ಆರಿಸುವುದು. ತಪ್ಪಾದರೆ ಆಗಲಿ. ಅಷ್ಟು ಹೊತ್ತು ಅವಳು ಮಲಗಲಿ. ನಿದ್ದೆಯೇ ಮೊದಲ ಔಷಧಿ, ಯಾಕೆಂದರೆ ಈ ಕಾಯಿಲೆಯವರು ಸಂಜೆಯಾದ ಕೂಡಲೇ ಚಡಪಡಿಸುತ್ತಾರೆ, ರಾತ್ರಿ ಎದ್ದು “ಮನೆಗೆ ಹೋಗ್ತೇನೆ” ಅಂತ ಬಾಗಿಲು ತೆಗೆಯುತ್ತಾರೆ. ಅವರ ಅಂಗಿ ಜೇಬಿಗೆ ಹೆಸರು, ಫೋನ್ ನಂಬರು ಬರೆದ ಬಟ್ಟೆ ಹೊಲಿದಿಡಿ. ಬಾಗಿಲಿಗೆ ಗೆಜ್ಜೆ ಕಟ್ಟಿ, ಸದ್ದಿಗೆ ಎಚ್ಚರ ಆಗುತ್ತದೆ ಅಂತ ಗೊತ್ತಿದ್ದರೆ ನೀವೂ ಕಣ್ಣು ಮುಚ್ಚಬಹುದು. ನಿಮ್ಮ ಬಿ.ಪಿ., ಸಕ್ಕರೆ ನೋಡಿಸಿಕೊಂಡು ಎಷ್ಟು ದಿನವಾಯಿತು ಅಂತ ಆಶಾ ಕಾರ್ಯಕರ್ತೆ ಕೇಳುವ ಮೊದಲೇ ಹೋಗಿ ಬನ್ನಿ.

ನೆಂಟರ ವಿಷಯ ಜಾಸ್ತಿ ಹೇಳುವುದಿಲ್ಲ, ನಿಮಗೇ ಗೊತ್ತಿದೆ. ಮೈದುನ ಅರ್ಧ ಗಂಟೆ ಬಂದಾಗ ಇವರು ನಗುನಗುತ್ತಾ ಮಾತಾಡುತ್ತಾರೆ. “ಅಣ್ಣ ಚೆನ್ನಾಗೇ ಇದ್ದಾನಲ್ಲ ಅತ್ತಿಗೆ” ಅಂತ ಕಾಫಿ ಕುಡಿದು ಹೋಗುತ್ತಾರೆ. ಜಗಳ ಬೇಡ. ಮುಂದಿನ ಸಲ ಒಂದು ರಾತ್ರಿ ಉಳಿಸಿಕೊಳ್ಳಿ, ಸಾಕು. “ಸ್ವಲ್ಪ ನೋಡ್ಕೊಳ್ರಪ್ಪಾ” ಅಂದರೆ ಯಾರೂ ಬರುವುದಿಲ್ಲ. “ಶನಿವಾರ ಮಧ್ಯಾಹ್ನ ಎರಡರಿಂದ ಐದು ಗಂಟೆ ನೀನು ಕೂರಬೇಕು” ಅಂತ ಕೇಳಿದರೆ ಇಲ್ಲ ಅನ್ನುವುದು ಕಷ್ಟ. ದೂರದ ಊರಿನಲ್ಲಿರುವ ಮಗ ಬರಲಾರ ಅಂದರೆ, ಸಹಾಯಕ್ಕೆ ಬರುವವಳ ಕೂಲಿ ಕೊಡಲಿ. ಓದುವ ಮೊಮ್ಮಗಳನ್ನು ಮಾತ್ರ ಇದಕ್ಕೆ ಶಾಲೆ ಬಿಡಿಸಬೇಡಿ.

ಸಭೆಯ ಕೊನೆಗೆ ಒಬ್ಬ ಸದಸ್ಯೆ ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇವೆ. “ನನ್ನ ತಮ್ಮನ ಮಗಳ ಮದುವೆ. ಎರಡು ದಿನ ತವರಿಗೆ ಹೋಗಬೇಕು ಅಂತ ಆಸೆ. ಇವರನ್ನು ಬಿಟ್ಟು ಸೀರೆ ಉಟ್ಟು ಹೋದ್ರೆ ಜನ ಏನಂತಾರೆ?” ಸಭೆಯಲ್ಲಿದ್ದ ಎಲ್ಲರೂ ಒಟ್ಟಿಗೆ “ಹೋಗಿ” ಅಂದರು. ನಾವೂ ಅದನ್ನೇ ಹೇಳುತ್ತೇವೆ. ಅವರನ್ನು ಮದುವೆ ಮನೆಯ ಗಲಾಟೆಗೆ ಕರೆದುಕೊಂಡು ಹೋದರೆ ಗಾಬರಿಯಾಗುತ್ತಾರೆ, ಹೊಸ ಜಾಗದಲ್ಲಿ ದಾರಿ ತಪ್ಪುತ್ತಾರೆ. ಮನೆಯಲ್ಲೇ ಇರಲಿ. ಅವರಿಗೆ ಪರಿಚಯದ ಮುಖ ಒಂದು ಜೊತೆಗಿರಲಿ, ಆ ವ್ಯಕ್ತಿ ಒಂದು ವಾರ ಮೊದಲೇ ದಿನಾ ಸ್ವಲ್ಪ ಹೊತ್ತು ಬಂದು ಅಭ್ಯಾಸ ಮಾಡಿಕೊಳ್ಳಲಿ. ಮಾತ್ರೆ ಯಾವ ಹೊತ್ತಿಗೆ, ಚಹಾಕ್ಕೆ ಸಕ್ಕರೆ ಎಷ್ಟು, ರಾತ್ರಿ ಯಾವ ದೀಪ ಉರಿಯುತ್ತಿರಬೇಕು ಎಂಬುದನ್ನು ಚೀಟಿಯಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿ. ನಿಮ್ಮನ್ನು ಕೇಳಿದರೆ “ತವರಿಗೆ ಹೋಗಿದ್ದಾರೆ, ನಾಳೆ ಬರ್ತಾರೆ” ಅಂತ ಪ್ರತಿ ಸಲವೂ ಅದೇ ಉತ್ತರ ಹೇಳಲಿ. ಸಂಜೆ ಒಮ್ಮೆ ನೀವು ಫೋನ್ ಮಾಡಿ ಕೇಳಿ, ಹತ್ತು ಸಲ ಮಾಡಬೇಡಿ. ಆ ಎರಡು ದಿನ ಮನೆಯಲ್ಲಿ ಇರಲು ಯಾರು ತಯಾರು ಅಂತ ಕೇಳಿದಾಗ ಮೂವರು ಕೈ ಎತ್ತಿದರು. ಹೆಸರು ಅವತ್ತೇ ಪುಸ್ತಕದಲ್ಲಿ ಬರೆದುಕೊಂಡಿದ್ದೇವೆ.